ಕರೆಂಟು ಹೋಗದ ಶುಕ್ರವಾರ

ಆ ಶುಕ್ರವಾರ ಬೆಳಿಗ್ಗೆ ಒಂಬತ್ತಾದರೂ ಗುವಾಮಾ ಕೇರಿಯಲ್ಲಿ ಕರೆಂಟು ಹೋಗಲಿಲ್ಲ. ಎವರಿಸ್ಟೊಗೆ ಚಿಂತೆ ಹತ್ತಿತು.

ಪೋರ್ತೊರಿಕೋ ದ್ವೀಪದ ಆ ಬೆಟ್ಟದ ನೆತ್ತಿಯಲ್ಲಿ ಕರೆಂಟು ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗಾಳಿ ಬೀಸಿದರೆ ಹೋಗುತ್ತದೆ, ಬೀಸದಿದ್ದರೆ ಬೇಜಾರಿಗೆ ಹೋಗುತ್ತದೆ. ಅದರ ಪೆಟ್ಟು ಹೆಚ್ಚಾಗಿ ಬೀಳುವುದು ಎವರಿಸ್ಟೊಗೆ. ಅವನು ಮನೆಯ ಕಿಟಕಿಯಲ್ಲೇ ಲಿಂಬೆರ್ ಮಾರುವವನು. ಕಾಯಿಹಾಲನ್ನೋ ಹುಣಸೆ ಪಾನಕವನ್ನೋ ಸಣ್ಣ ಲೋಟಗಳಿಗೆ ಸುರಿದು, ಫ್ರೀಜರಿನಲ್ಲಿಟ್ಟು ಕಲ್ಲಿನಂತೆ ಹೆಪ್ಪುಗಟ್ಟಿಸಿದರೆ ಅದೇ ಲಿಂಬೆರ್. ಕರೆಂಟು ಹೋದ ದಿನ ಅವನ ವ್ಯಾಪಾರವೆಲ್ಲ ನೀರು. ನಿಜವಾಗಿಯೂ ನೀರು.

ಇಂಥ ಕೇರಿಗಳಿಗಾಗಿಯೇ ಸಾನ್ ಹುವಾನ್ ಪಟ್ಟಣದ ನಾಲ್ಕೈದು ಹುಡುಗ ಹುಡುಗಿಯರು ಒಂದು ಸ್ಟಾರ್ಟಪ್ ಕಟ್ಟಿದ್ದರು. ದೊಡ್ಡ ಕಂಪನಿಗಳ ಬಾಗಿಲು ತಟ್ಟಿ, ಬಡವರ ಮಾಡಿನ ಮೇಲೆ ಸೋಲಾರ್ ಹಾಕಿಸಿ, ಹೆಸರು ನಿಮಗೆ, ಬೆಳಕು ಅವರಿಗೆ ಎಂದು ಒಪ್ಪಿಸುವುದು ಅವರ ಕೆಲಸ. ಗುವಾಮಾಕ್ಕೂ ಒಂದು ಕಂಪನಿ ಸಿಕ್ಕಿದೆಯಂತೆ. ಯಾರಿತ್ಸಾ ಎಂಬ ಹುಡುಗಿ ಶುಕ್ರವಾರ ಹತ್ತಕ್ಕೆ ಬರುತ್ತಾಳೆ, ಕೇರಿ ಸಮಿತಿಯ ಅಧ್ಯಕ್ಷರು ಮನೆಯಲ್ಲಿರಬೇಕು ಎಂದು ಫೋನು ಬಂದಿತ್ತು. ಅಧ್ಯಕ್ಷ ಎಂದರೆ ಎವರಿಸ್ಟೊ. ಸಮಿತಿಯ ಸಭೆಯ ನಡುವೆ ಎಲ್ಲರಿಗೂ ಲಿಂಬೆರ್ ತರಲು ಎದ್ದು ಹೋಗಿದ್ದ. ವಾಪಸು ಬರುವಷ್ಟರಲ್ಲಿ ಅವನನ್ನೇ ಅಧ್ಯಕ್ಷನಾಗಿ ಆರಿಸಿಬಿಟ್ಟಿದ್ದರು.

ಈಗ ನೋಡಿದರೆ ಅವನ ತಲೆಯ ಮೇಲೆ ಫ್ಯಾನು ಕುಡಿದ ಸೋದರಮಾವ ಮದುವೆಯಲ್ಲಿ ಕುಣಿದಂತೆ ಕುಣಿಯುತ್ತಿದೆ.

"ಏನೋ ಮಗಾ, ಮುಖ ಹಿಂಡಿದ ಬಟ್ಟೆ ಥರ ಮಾಡ್ಕೊಂಡಿದೀಯ?" ಎನ್ನುತ್ತ ಪಕ್ಕದ ಮನೆಯ ದೋನ್ಯಾ ಪ್ರೊವಿ ಒಳಗೆ ಬಂದಳು. ಹಿರಿಯ ಹೆಂಗಸರನ್ನು ಅಲ್ಲಿ ಮರ್ಯಾದೆಗೆ ದೋನ್ಯಾ ಎನ್ನುತ್ತಾರೆ, ಗಂಡಸರನ್ನು ದೋನ್. ಎಪ್ಪತ್ತು ದಾಟಿದ ಈ ಮುದುಕಿಗೆ ಕೇರಿಯ ಅಡುಗೆಮನೆಗಳೆಲ್ಲ ತನ್ನವೇ.

"ಕರೆಂಟು ಇದೆ, ದೋನ್ಯಾ."

"ಇದ್ರೆ ಒಳ್ಳೇದಲ್ವೇನೋ?"

"ಆ ಹುಡುಗಿ ನೋಡಿದ್ರೆ, ನಿಮಗ್ಯಾಕ್ರೀ ಸೋಲಾರು ಅಂತ ಬೇರೆ ಕೇರಿಗೆ ಹೋಗ್ತಾಳೆ."

ಪ್ರೊವಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಸೀದಾ ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ಚನ್ನು ಕೆಳಗೆಳೆದಳು.

"ಅಯ್ಯೋ! ಒಳಗೆ ಇನ್ನೂರು ಲಿಂಬೆರ್ ಇದೆ! ನಾಳೆ ಬಾಸ್ಕೆಟ್‌ಬಾಲ್ ಮ್ಯಾಚಿಗೆ ಅಂತ ಮಾಡಿದ್ದು!"

"ಒಂದು ಗಂಟೆ ತಡ್ಕೋ. ಆಮೇಲೆ ಜೀವನಪೂರ್ತಿ ಕರೆಂಟು."

ಗಲಾಟೆ ಕೇಳಿ ಎದುರು ಮನೆಯ ದೋನ್ ತೊರಿಬಿಯೊ ಬಂದ. ಲೈನ್‌ಮನ್ ಆಗಿದ್ದು ನಿವೃತ್ತನಾದವನು. "ನಿನ್ ಮನೆ ಒಂದೇ ಕತ್ತಲಾದ್ರೆ ಏನು ಬಂತು? ನಮ್ಮನೆ ಟೀವಿ ಅರಚ್ತಾ ಇದೆ. ಅಧ್ಯಕ್ಷರು ಬಿಲ್ ಕಟ್ಟಿಲ್ಲ ಅಂದ್ಕೋತಾಳೆ ಅಷ್ಟೇ. ಎಲ್ಲರೂ ಆಫ್ ಮಾಡ್ಬೇಕು."

ಎಲ್ಲರೂ ಒಪ್ಪಬೇಕಲ್ಲ! ಒಬ್ಬಳ ಬಟ್ಟೆ ಮಷೀನಿನಲ್ಲಿ ನೊರೆಯ ಸಮೇತ ತಿರುಗುತ್ತಿತ್ತು, ಇನ್ನೊಬ್ಬಳ ಧಾರಾವಾಹಿಯಲ್ಲಿ ಅಂದೇ ಅವಳಿ ತಂಗಿ ಬದುಕಿ ಬರುವುದಿತ್ತು.

"ಮನೆಮನೆಗೆ ಹೋಗಿ ಕೈಮುಗಿಯೋಕೆ ನಾನೇನು ಚುನಾವಣೆಗೆ ನಿಂತಿದೀನಾ?" ಎಂದ ತೊರಿಬಿಯೊ, ಉದ್ದನೆಯ ಬಿದಿರಿನ ಗಳ ತಂದು, ಕಂಬದ ಮೇಲಿನ ಫ್ಯೂಜನ್ನು ಮಾವಿನಕಾಯಿ ಕಿತ್ತಂತೆ ಎಳೆದ. ಢಂ! ಕಿಡಿ ಹಾರಿತು. ಕೋಳಿಗಳು ಚರ್ಚಿನೊಳಗೆ ನುಗ್ಗಿದವು. ಇಡೀ ಕೇರಿ ತಣ್ಣಗಾಯಿತು.

"ಮತ್ತೆ ಹಾಕೋಕೆ ಬರುತ್ತೆ ತಾನೆ?" ಎಂದು ಎವರಿಸ್ಟೊ ಸಣ್ಣ ದನಿಯಲ್ಲಿ ಕೇಳಿದ.

"ನಂದು ತೆಗೆಯೋ ಕೆಲಸ. ಹಾಕೋನು ಬೇರೆಯವನಿದ್ದ."

ಹತ್ತಾಯಿತು, ಹನ್ನೊಂದಾಯಿತು. ಯಾರಿತ್ಸಾಳ ಸುಳಿವಿಲ್ಲ. ಫೋನು ಮಾಡಿದರೆ, ಬೆಟ್ಟದ ತಿರುವಿನಲ್ಲಿ ದಾರಿ ತಪ್ಪಿ ಎರಡು ಸಲ ಅದೇ ಹಂದಿಮಾಂಸದ ಅಂಗಡಿಯ ಮುಂದೆ ಬಂದು ನಿಂತಿದ್ದಾಳಂತೆ. ಪ್ರೊವಿ ಐದೈದು ನಿಮಿಷಕ್ಕೊಮ್ಮೆ ಫ್ರೀಜರಿನ ಮುಚ್ಚಳ ತೆಗೆದು, ಇದ್ದಬದ್ದ ತಂಪನ್ನೂ ಹೊರಗೆ ಬಿಟ್ಟು, ಡಾಕ್ಟರಂತೆ ವರದಿ ಕೊಡುತ್ತಿದ್ದಳು. "ಕಾಯಿಹಾಲು ಮೆತ್ತಗಾಗಿದೆ ಮಗಾ." ಸ್ವಲ್ಪ ಹೊತ್ತಿಗೆ, "ಸೀಬೆ ಕೊನೇ ಉಸಿರು ಎಳೀತಿದೆ." ಹನ್ನೆರಡೂವರೆಗೆ, "ಹುಣಸೆ ಹೋಯ್ತು. ಧೈರ್ಯ ತಗೋ."

ಹಾಳಾಗುವ ಬದಲು ಹೊಟ್ಟೆಗಾದರೂ ಹೋಗಲಿ ಎಂದು ಎವರಿಸ್ಟೊ ಕೈಚೆಲ್ಲಿದ. ಕೇರಿಯವರು ಚೊಂಬು, ತಪ್ಪಲೆ ಹಿಡಿದು ಬಂದರು. ಯಾರೋ ಖಂಜಿರ ತಂದು ಬಡಿದರು. ಧಾರಾವಾಹಿ ತಪ್ಪಿದವಳು ಹಾಡಿದಳು. ಸುರಿಯುವವನು, ಬಡಿಸುವವನು, ಎಲ್ಲ ಎವರಿಸ್ಟೊನೇ. ಎರಡನೇ ಹಾಡಿಗೆ ಅವನ ಕಾಲೂ ತಾಳ ಹಾಕತೊಡಗಿತು. ಮರುಕ್ಷಣ ಖಾಲಿ ಫ್ರೀಜರ್ ಕಣ್ಣಿಗೆ ಬಿದ್ದು ನಿಂತಿತು.

ಎರಡು ಗಂಟೆಗೆ ಕಾರು ಬಂತು. ಖಂಜಿರ ಮಂಚದಡಿ ಸೇರಿತು. ಪ್ರೊವಿ ತಪ್ಪಲೆಯ ಮುಚ್ಚಳದಿಂದ ಗಾಳಿ ಹಾಕಿಕೊಳ್ಳುತ್ತ ಕುರ್ಚಿಯ ಮೇಲೆ ಕುಸಿದಳು.

"ಬಾ ಮಗಳೇ, ನಾಲ್ಕು ದಿನ ಆಯ್ತು ನಾವು ಬಲ್ಬಿನ ಮುಖ ನೋಡಿ! ಫ್ಯಾನು ತಿರುಗೋದು ಎಡಕ್ಕೋ ಬಲಕ್ಕೋ ಅನ್ನೋದೇ ಮರೆತುಹೋಗಿದೆ!"

ಯಾರಿತ್ಸಾ ಫೋನಿನಲ್ಲಿ ಕರೆಂಟು ಕಂಪನಿಯ ಲೆಕ್ಕ ತೆಗೆದು ನೋಡಿದಳು. "ಹೌದಾ ಅಜ್ಜಿ? ಇಲ್ಲಿ ಬೆಳಿಗ್ಗೆ ಒಂಬತ್ತೂವರೆವರೆಗೂ ಕರೆಂಟಿತ್ತು ಅಂತಿದೆಯಲ್ಲ. ಒಂಬತ್ತೂವರೆಗೆ ಏನಾಯ್ತು?"

ಎಲ್ಲರ ಕಣ್ಣೂ ಒಟ್ಟಿಗೆ ತೊರಿಬಿಯೊನತ್ತ ತಿರುಗಿದವು. ಅವನ ಕೈಯಲ್ಲಿ ಬಿದಿರಿನ ಗಳ ಇನ್ನೂ ಇತ್ತು.

ಯಾರಿತ್ಸಾಳಿಗೆ ನಗು ತಡೆಯಲಾಗಲಿಲ್ಲ. "ಮೂರು ವರ್ಷದಿಂದ ಇಲ್ಲಿ ಎಷ್ಟು ಸಲ ಕರೆಂಟು ಹೋಗಿದೆ ಅನ್ನೋ ಲೆಕ್ಕ ನಮ್ಮ ಹತ್ರ ಇದೆ. ಪಟ್ಟಿಯಲ್ಲಿ ನಿಮ್ಮ ಕೇರಿದೇ ಮೊದಲ ಹೆಸರು. ಇವತ್ತು ಕತ್ತಲೆ ತೋರಿಸೋ ಅಗತ್ಯಾನೇ ಇರ್ಲಿಲ್ಲ. ನಾನು ಬಂದಿದ್ದು ಅಧ್ಯಕ್ಷರ ಒಂದು ಸಹಿಗೆ."

"ಹಾಗಾದ್ರೆ ನನ್ನ ಇನ್ನೂರು ಲಿಂಬೆರ್?" ಎಂದ ಎವರಿಸ್ಟೊ.

"ತುಂಬಾ ಚೆನ್ನಾಗಿತ್ತು," ಎಂದು ಹಿಂದಿನಿಂದ ಯಾರೋ ಸಮಾಧಾನ ಹೇಳಿದರು.

ಹೋಗಲಿ, ಇನ್ನು ಮುಂದೆ ಒಂದೇ ಒಂದು ಲೋಟವೂ ಕರಗುವುದಿಲ್ಲವಲ್ಲ! ಎವರಿಸ್ಟೊ ಕಣ್ಣೊರೆಸಿಕೊಂಡು, ಮದುವೆಯ ದಿನ ಹಾಕಿದ್ದಕ್ಕಿಂತ ದೊಡ್ಡದಾಗಿ ಸಹಿ ಹಾಕಿದ. ಕೇರಿ ಚಪ್ಪಾಳೆ ತಟ್ಟಿತು. ಮಂಚದಡಿಯಿಂದ ಖಂಜಿರ ಹೊರಬಂತು.

"ಇನ್ನೊಂದು ಸಂತೋಷದ ಸುದ್ದಿ," ಎಂದಳು ಯಾರಿತ್ಸಾ ಕಾಗದ ಮಡಚುತ್ತ. "ನಿಮಗೆ ಸೋಲಾರ್ ಹಾಕಿಸ್ತಿರೋದು ಫ್ರೀಜರ್ ಮಾಡೋ ಕಂಪನಿ. ಕರೆಂಟಿನ ಜೊತೆ ಮನೆಗೊಂದು ಫ್ರೀಜರೂ ಪುಕ್ಕಟೆ. ಇಪ್ಪತ್ತಮೂರು ಮನೆಗೂ!"

ಕೇರಿ ಹುಚ್ಚೆದ್ದು ಕೂಗಿತು. ಎವರಿಸ್ಟೊನೂ ಚಪ್ಪಾಳೆ ತಟ್ಟಿದ. ಮೂರನೇ ಚಪ್ಪಾಳೆಗೆ ಅವನ ಕೈಗಳು ಗಾಳಿಯಲ್ಲೇ ನಿಂತವು.

ದೋನ್ಯಾ ಪ್ರೊವಿ ಮೆಲ್ಲಗೆ ಬಂದು ಅವನ ಹೆಗಲ ಮೇಲೆ ಕೈಹಾಕಿದಳು. ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಎವರಿಸ್ಟೊ, ನನ್ನ ಬಂಗಾರಾ, ಕಾಯಿಹಾಲಿಗೆ ನೀನು ಸಕ್ಕರೆ ಎಷ್ಟು ಹಾಕ್ತೀಯೋ?"

ಅವಳ ಹಿಂದೆ ಇಡೀ ಕೇರಿ ಒಮ್ಮೆಗೇ ಕಿವಿ ನಿಮಿರಿಸಿತು. ತೊರಿಬಿಯೊ ಆಗಲೇ ಯಾರಿತ್ಸಾಳ ಹತ್ತಿರ ಪೆನ್ನು ಕೇಳುತ್ತಿದ್ದ.