ಬಸುರಿಗೆ ಎಷ್ಟ ರೊಟ್ಟಿ?

ಮೂವತ್ತು ವರ್ಷ ನರ್ಸ್ ಕೆಲಸ ಮಾಡಿ ರಿಟೈರ್ ಆಗೇನಿ. ಹುಕ್ಕೇರಿ, ಮೂಡಲಗಿ ಕಡಿ ಬಸುರಿದ್ದವರಿಗೆ ಹೊಟ್ಟಿ ತುಂಬ ಉಣ್ರಿ ಅಂತ ಹೇಳಿ ಹೇಳಿ ನನ್ನ ಗಂಟಲ ಹೋತು, ಅವರ ತಾಟಿನಾಗ ರೊಟ್ಟಿ ಹೆಚ್ಚಾಗಲಿಲ್ಲ. ಇಂಥಾ ಹಣೇಬರಹಕ್ಕ ನಗಬೇಕೋ ಅಳಬೇಕೋ, ನೀವ ಹೇಳ್ರಿ.

೧

ಬೆಲ್ಲದ ಬಾಗೇವಾಡ್ಯಾಗ ಒಬ್ಬಾಕಿ ಏಳು ತಿಂಗಳ ಬಸುರಿ, ತೂಕ ಏರವಲ್ದು. ಕೂಸು ದೊಡ್ಡದಾದ್ರ ಹೆರಿಗಿ ಕಠಿಣ ಅಂತ ಅತ್ತಿ ಅರ್ಧ ರೊಟ್ಟಿ ಮ್ಯಾಲ ಇಟ್ಟಿದ್ಲು. ನಾ ಸಿಟ್ಟಿಗೆದ್ದು ಒಂದ ತಾಸು ತಿಳಿಸಿ ಹೇಳಿದೆ. ಅತ್ತಿ ಪೂರಾ ಕೇಳಿ, ಚಾ ಕೊಟ್ಟು, ಸಮಾಧಾನದಿಂದ ಕೇಳಿದ್ಲು:

"ಹೊಟ್ಟಿ ಇರೂದು ಒಂದ ಐತ್ರಿ ಸಿಸ್ಟರ್. ರೊಟ್ಟಿ ಕುಂತರ ಕೂಸು ಎಲ್ಲಿ ಕುಂದರಬೇಕು?"

೨

ಮುಂದ ನನಗ ಸಕ್ಕರಿ ಬ್ಯಾನಿ ಬಂತು. ನೀವು ಹೊಟ್ಟ್ಯಾಗಿದ್ದಾಗ ನಿಮ್ಮವ್ವ ಎಷ್ಟ ಉಣ್ಣತಿದ್ರು ಅಂತ ಗೋಕಾಕದ ಡಾಕ್ಟರ್ ಕೇಳಿದ್ರು. ಬರಗಾಲ, ದಿನಕ್ಕ ಒಂದ ರೊಟ್ಟಿ ಅಂದೆ. ಅದಕ್ಕ ಡಾಕ್ಟರ್ ಅಂದ್ರು: ತಾಯಿ ಮೈ, ಒಳಗಿನ ಕೂಸಿಗೆ ಹೊರಗಿನ ಸುದ್ದಿ ಮುಟ್ಟಸ್ತೈತಿ, ಬರ ಐತಿ, ಸಿಕ್ಕದ್ದನ್ನ ಕೂಡಿಡು ಅಂತ. ಎಷ್ಟೋ ತಲಿಮಾರಿನಿಂದ ಹಂಗ ಕಲತ ಜೀವಾನ ಉಳಕೊಂಡ ಬಂದಾವು. ಆದ್ರ ಕೂಸು ಬೆಳಿಯೂದ್ರಾಗ ಕಾಲ ಬದಲಾದ್ರ, ಕೂಡಿಟ್ಟದ್ದ ಬ್ಯಾನಿ ಆಗತೈತಂತ. ಖರೇನ. ಕಾಲುವಿ ಬಂತು, ಕಬ್ಬ ಬಂತು, ಕರದಂಟು ಬಂತು. ನನ್ನ ಮೈಗೆ ಮಾತ್ರ ಯಾರೂ ಹೇಳಲೇ ಇಲ್ಲ.

೩

ಹೋದ ವರ್ಷ ಮಗಳು ಹೆರಿಗಿಗೆ ಕಲ್ಲೋಳಿಗೆ, ನಮ್ಮ ಮನಿಗೆ ಬಂದ್ಲು. ಹಿಂದ ಒಂದ ಕೂಸು ಕಳಕೊಂಡಾಕಿ; ಇದಾದ್ರೂ ಉಳೀತೈತೋ ಇಲ್ಲೋ ಅಂತ ನನಗ ಚಿಂತಿ. ನೋಡಿದ್ರ ನಮ್ಮವ್ವ ಮೊಮ್ಮಗಳ ತಾಟಿಗೆ ಅರ್ಧ ರೊಟ್ಟಿ ಹಾಕಾಕತ್ತಾಳ! ನೀ ಉಪವಾಸ ಇದ್ದದ್ದಕ್ಕ ನನಗ ಈ ಬ್ಯಾನಿ ಬಂತು ಅಂದುಬಿಟ್ಟೆ. ಅನ್ನಬಾರದಿತ್ತು. ಆಕಿ ಏನ ಹೌಸಿಗೆ ಉಪವಾಸ ಇದ್ದಿದ್ದಿಲ್ಲ.

ಅವತ್ತಿನಿಂದ ಅವ್ವ ನನ್ನ ಕಣ್ಣ ತಪ್ಪಿಸಿ ಮೊಮ್ಮಗಳಿಗೆ ದಿನಾ ಬೆಲ್ಲ-ತುಪ್ಪದ ಕರದಂಟು ತಿನಿಸಿದ್ಲು. ತಿಂಗಳ ಬಿಟ್ಟು ರಕ್ತ ತಪಾಸ ಮಾಡಿಸಿದ್ರ ಮಗಳಿಗೂ ಸಕ್ಕರಿ. ನಾ ತಲಿ ಮ್ಯಾಲ ಕೈ ಹೊತ್ತು ಕುಂತೆ. ಅವ್ವ ಕಣ್ಣ ಒರಸಿಕೋತ ಬಂದ್ಲು.

"ನಾ ಸಾಲಿ ಕಲತಾಕಿ ಅಲ್ಲ ಮಗಳ. ಒಳಗಿನ ಕೂಸಿಗೆ ಬರ ಅಂತ ಹೇಳಲೋ, ಸುಗ್ಗಿ ಅಂತ ಹೇಳಲೋ? ಒಂದ ಹೇಳು, ಹಂಗ ಉಣಸ್ತೀನಿ."

ಊರಿಗೆಲ್ಲಾ ಪಾಠ ಹೇಳಿದ ನಾ ಮಗಳ ಮಾರಿ ನೋಡಿದೆ. ಮಗಳು ಹೊಟ್ಟಿ ಸವರಿಕೋತ ಅಂದ್ಲು:

"ಎರಡೂ ಹೇಳು, ಆಯಿ. ಈಗ ಒಂದ ವರ್ಷದಾಗನ ಬ್ಯಾಸಗ್ಯಾಗ ಕುಡಿಯಾಕ ಟ್ಯಾಂಕರ್ ನೀರೂ ಬರತೈತಿ, ಮಳಿಗಾಲದಾಗ ಹೊಳಿ ನೀರು ಮನ್ಯಾಗೂ ಬರತೈತಿ."

ಕೂಸು ಉಳೀತು, ದೇವರ ದೊಡ್ಡಾಂವ. ಆದ್ರ ಹುಟ್ಟಿದ ದಿನದಿಂದ ಒಂದ ಸವನ ಅಳಾಕತ್ತೈತಿ. ಅವ್ವ ಎರಡೂ ಹೇಳಿಬಿಟ್ಟಾಳಂತ ಕಾಣತೈತಿ.