ಮಕ್ಕಳನ್ನು ಹಾಕುವ ಚೀಲ

ಮಕ್ಕಳ ಜೊತೆ ಕೆಲಸ ಮಾಡುವವನ ಮರ್ಯಾದೆ ದಿನಾ ಸ್ವಲ್ಪ ಸ್ವಲ್ಪ ಹೋಗುತ್ತಲೇ ಇರುತ್ತದೆ. ಅಭ್ಯಾಸವಾಗಿಬಿಡುತ್ತದೆ. ನನ್ನದು ಮಾತ್ರ ಒಮ್ಮೆ ಇಡಿಯಾಗಿ ಹೋಯಿತು. ಕಾರಣ ಒಂದು ಚೀಲ.

ಎಪ್ಪತ್ತರ ದಶಕದ ಕೊನೆ. ಮಂಗಳೂರಿನ ಫಳ್ನೀರಿನ ಹತ್ತಿರ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಡ್ರಿಲ್ ಮಾಸ್ಟ್ರು. ನನ್ನ ಮಾತು ಕಡಿಮೆ. ಸೀಟಿ ಇತ್ತಲ್ಲ, ಸಾಕಾಗುತ್ತಿತ್ತು.

೧. ಹಾಸಿಗೆಗಳ ಮೆರವಣಿಗೆ

ನಾಲ್ಕನೆಯ ಕ್ಲಾಸಿನ ಮಕ್ಕಳನ್ನು ಹೈಕಿಗೆ ಕರೆದುಕೊಂಡು ಹೋಗಬೇಕೆಂಬುದು ನನ್ನದೇ ಆಸೆ. ಪಡೀಲ್ ದಾಟಿ ಒಳಗೆ ಶೆಟ್ರೊಬ್ಬರ ಮನೆ. ಅಲ್ಲಿಯವರೆಗೆ ನಡೆಯುವುದು, ಅಂಗಳದಲ್ಲಿ ಮಲಗುವುದು, ಬೆಳಿಗ್ಗೆ ಹಿಂದೆ ಬರುವುದು. ಪೇಟೆಯ ಮಕ್ಕಳು. ಆಕಾಶ ನೋಡುತ್ತಾ ಮಲಗಿದವರಲ್ಲ.

"ಮಲಗಲಿಕ್ಕೆ ಬೇಕಾದದ್ದು ತನ್ನಿ" ಎಂದೆ. ಅಷ್ಟೇ ಎಂದೆ.

ಹತ್ತಿಯ ಹಾಸಿಗೆ ತಂದರು. ಒಬ್ಬ ಅಜ್ಜನ ರೈಲು ಪ್ರಯಾಣದ ಹೋಲ್ಡಾಲನ್ನೇ ಎಳೆದುಕೊಂಡು ಬಂದಿದ್ದ. ಒಳಗೆ ಎರಡು ದಿಂಬು, ಒಂದು ಸೊಳ್ಳೆಪರದೆ, ಪರದೆ ಕಟ್ಟಲು ಕೋಲು.

ಕಂಕನಾಡಿ ಬರುವಾಗ ಒಂದು ಮಗು ಅಳಲು ಶುರು ಮಾಡಿತು. ಅಳು ಅಂಟುರೋಗ. ನಾನು ಒಂದು ಕೈಗಾಡಿ ನಿಲ್ಲಿಸಿ ಹಾಸಿಗೆಗಳನ್ನು ಹೇರಿಸಿದೆ. ಹಾಸಿಗೆ ಮೆತ್ತಗಿದೆ ಎಂದು ಮಕ್ಕಳೂ ಹತ್ತಿದರು. ಗಾಡಿ ಶಾಲೆಗೇ ತಿರುಗಿತು.

ಹೆಡ್‌ಮಿಸ್ಟ್ರೆಸ್ ಗೇಟಿನಲ್ಲೇ ನಿಂತಿದ್ದರು. ಮಕ್ಕಳ ಬಾಯಲ್ಲಿ ಅವರು ದೊಡ್ಡ ಟೀಚರ್. ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

"ಮಾಸ್ಟ್ರೇ, ಹೈಕ್ ಹೋದದ್ದು ಮಕ್ಕಳಾ, ಹಾಸಿಗೆಗಳಾ?"

"ಎರಡೂ ಹೋಗಲಿಲ್ಲ, ಟೀಚರ್."

೨. ದರ್ಜಿಯ ಬುದ್ಧಿ

ಮರುವರ್ಷ ಮತ್ತೆ ಕೇಳಿದೆ. ದೊಡ್ಡ ಟೀಚರ್ ಕನ್ನಡಕ ತೆಗೆದಿಟ್ಟರು. ಅದು ಒಳ್ಳೆಯ ಲಕ್ಷಣವಲ್ಲ.

"ಸ್ಲೀಪಿಂಗ್ ಬ್ಯಾಗ್ ಅಂತ ಉಂಟು. ಇಂಗ್ಲಿಷ್ ಪತ್ರಿಕೆಯಲ್ಲಿ ಚಿತ್ರ ನೋಡಿದ್ದೇನೆ. ಮಕ್ಕಳೇ ಹೊರುವಷ್ಟು ಹಗುರದ್ದು ಹುಡುಕಿ. ಸಿಕ್ಕಿದರೆ ಹೋಗಿ. ಆದರೆ ಈ ಸಲ ಒಬ್ಬರು ಅತ್ತರೂ ಈ ಶಾಲೆಯಲ್ಲಿ ಇನ್ನು ಹೈಕ್ ಇಲ್ಲ."

ಆ ವರ್ಷ ನಾಲ್ಕನೆಯ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಬಂದರಿನ ಬಟ್ಟೆ ವ್ಯಾಪಾರಿ ಹಾಜಿಯವರ ಮೊಮ್ಮಗಳು. ದಿನಾ ಬೆಳಿಗ್ಗೆ ಬಂದು, "ಸಾರ್, ಹೈಕ್ ಉಂಟಾ?" ಎಂದು ಕೇಳುತ್ತಿದ್ದಳು. "ನೋಡುವ" ಎನ್ನುತ್ತಿದ್ದೆ. ಹೀಗೆ ದಿನಾ ಕೇಳುವವರಿದ್ದರೆ ಮನುಷ್ಯ ಎಂತ ಮಾಡುವುದು? ಹುಡುಕಲು ಹೊರಟೆ.

ಮಂಗಳೂರಿನಲ್ಲಿ ಆ ವಸ್ತು ಇರಲಿಲ್ಲ. ಶಾಲೆಯ ಬ್ಯಾಗುಗಳನ್ನು ಹೊಲಿಯುವ ದರ್ಜಿಯಲ್ಲಿಗೆ ಹೋದೆ.

"ಮಗು ಮಲಗುವ ಚೀಲ ಬೇಕು. ಹಗುರ ಇರಬೇಕು."

"ಆಯ್ತು ಮಾಸ್ಟ್ರೇ. ಒಂದು ಹೊಲಿದು ತೋರಿಸ್ತೇನೆ."

ವಾರ ಬಿಟ್ಟು ಹೋದೆ. ಹೊಲಿಗೆ ಬಹಳ ಚೆನ್ನಾಗಿತ್ತು. ಎರಡು ಹಿಡಿಕೆ, ಹೊರಗೆ ಟಿಫಿನ್ನಿಗೆ ಜೇಬು, ಮೇಲೆ ಮುಚ್ಚಲು ಪಟ್ಟಿ, ಪಟ್ಟಿಗೆ ಸಾಲಾಗಿ ಗುಂಡಿ.

"ಮಗು ಎಲ್ಲಿ?" ಎಂದೆ.

"ಒಳಗೆ. ಗುಂಡಿ ಹಾಕಿದರೆ ಆಯ್ತು. ಸೊಳ್ಳೆ ಕೂಡ ಹೋಗುವುದಿಲ್ಲ."

"ಉಸಿರು?"

ಅವನು ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದ. "ಅದು ನೀವು ಹೇಳಲೇ ಇಲ್ಲವಲ್ಲ ಮಾರಾಯ್ರೇ."

೩. ಗೋಣಿ ಅಂಗಡಿ

ಆಮೇಲೆ ಹೊಳೆದದ್ದು ಗೋಣಿ. ಒಗೆದು ಒಳಗೆ ಹಳೆಯ ಸೀರೆ ಹೊಲಿದರೆ ಆಗಬಹುದು. ಬಂದರಿಗೆ ಹೋದೆ. ಗೋಣಿ ಅಂಗಡಿಯವ ಗುರುತಿನವನಲ್ಲ.

"ಒಳ್ಳೆಯ ಗೋಣಿ ಬೇಕು."

"ಎಂತ ಹಾಕಲಿಕ್ಕೆ? ಅಕ್ಕಿಯಾ, ಗೇರುಬೀಜವಾ?"

"ಮಕ್ಕಳನ್ನು."

ಅವನು ತಕ್ಕಡಿ ಬಿಟ್ಟು ಹೊರಗೆ ಬಂದ. ನನ್ನ ಮುಖ ನೋಡಿದ. ನನ್ನ ಮೀಸೆ ಆಗ ಸ್ವಲ್ಪ ದೊಡ್ಡದಿತ್ತು.

"ಎಷ್ಟು ಮಕ್ಕಳು?"

"ಇಪ್ಪತ್ತೆರಡು. ಎಂಟು ವರ್ಷದವರು. ಭಾರ ಇಲ್ಲ."

ಗೋಣಿಯ ರಾಶಿಯ ಮೇಲೆ ಕೂತಿದ್ದ ಇಬ್ಬರು ಹಮಾಲಿಗಳು ಎದ್ದು ನಿಂತರು. ಒಬ್ಬ ಬಾಗಿಲಿಗೆ ಅಡ್ಡ ಬಂದ. ಊರಲ್ಲಿ ಆಗಾಗ ಮಕ್ಕಳನ್ನು ಹಿಡಿಯುವವರು ಬಂದಿದ್ದಾರೆಂದು ಸುದ್ದಿ ಏಳುತ್ತದೆ. ಅವರ ಹತ್ತಿರ ಒಂದು ಗೋಣಿ ಇರುತ್ತದೆಂದು ಎಲ್ಲರಿಗೂ ಗೊತ್ತು. ಗೋಣಿ ಅವರು ಎಲ್ಲಿಂದ ತರುತ್ತಾರೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಆ ದಿನ ಗೊತ್ತಾಯಿತು.

"ರಾತ್ರಿ ಇಟ್ಟುಕೊಂಡು ಬೆಳಿಗ್ಗೆ ವಾಪಸ್ ಕೊಡ್ತೇನೆ" ಎಂದೆ. ಅದರಿಂದ ಪ್ರಯೋಜನವಾಗಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಗುಮಾಸ್ತ ಇಣುಕಿದ. ನಮ್ಮ ಶಾಲೆಯಲ್ಲೇ ಕಲಿತವನು.

"ಅಯ್ಯೋ, ಬಿಡಿ ಬಿಡಿ! ಇವರು ನಮ್ಮ ಡ್ರಿಲ್ ಮಾಸ್ಟ್ರು. ಮಕ್ಕಳಿಗೆ ಹೊಡೆಯುತ್ತಿದ್ದರು. ಕದ್ದದ್ದು ಇಲ್ಲ."

೪. ದುಬೈಯ ಚೀಲ

ಈ ಸುದ್ದಿ ನನಗಿಂತ ಮೊದಲು ಹಾಜಿಯವರ ಅಂಗಡಿಗೆ ತಲುಪಿತು. ಹೇಳಿಕಳಿಸಿದರು. ಮನೆಗೆ ಹೋದೆ.

"ಅದಕ್ಕೆ ಗೋಣಿ ಅಂಗಡಿಗೆ ಯಾಕೆ ಹೋಗ್ತೀರಿ, ಮಾಸ್ಟ್ರೇ? ನನ್ನ ಮಗ ದುಬೈಯಿಂದ ಅಸಲಿ ಮಾಲು ತಂದಿದ್ದಾನೆ."

ನಿಜವಾದ ಸ್ಲೀಪಿಂಗ್ ಬ್ಯಾಗ್. ಮಗನ ಆಫೀಸಿನ ಬಿಳಿಯ ಸಾಹೇಬ ಊರಿಗೆ ಹೋಗುವಾಗ ಕೊಟ್ಟದ್ದಂತೆ. ನೀಲಿ ಬಣ್ಣ, ಒಳಗೆ ದಪ್ಪ ಹತ್ತಿ, ಕಾಲಿನಿಂದ ಗಲ್ಲದವರೆಗೆ ಜಿಪ್.

"ಹಿಮ ಬಿದ್ದರೂ ಎಂತ ಆಗುವುದಿಲ್ಲ" ಎಂದರು ಹಾಜಿಯವರು.

"ಪಡೀಲಿನಲ್ಲಿ ಹಿಮ ಬೀಳುವುದಿಲ್ಲ."

"ಬಿದ್ದರೆ ಅಂತ ಹೇಳಿದ್ದು."

ಮೊಮ್ಮಗಳು ಒಳಗೆ ನುಗ್ಗಿದಳು. ಹಾಜಿಯವರು ಜಿಪ್ ಎಳೆದರು. ಮಧ್ಯಾಹ್ನದ ಸೆಕೆ. ಮಂಗಳೂರಿನ ಸೆಕೆ. ಚಹಾ ಬರುವಷ್ಟರಲ್ಲಿ ಹುಡುಗಿ ಕೂಗಿದಳು: "ಅಜ್ಜಾ, ನಾನು ಬೇಯ್ತಾ ಇದ್ದೇನೆ!"

ತೆಗೆದೆವು. ಪಾತ್ರೆಯಿಂದ ಆಗಷ್ಟೇ ತೆಗೆದ ಇಡ್ಲಿಯ ಹಾಗೆ ಮುಖದಿಂದ ಹಬೆ ಬರುವುದೊಂದು ಬಾಕಿ. ನೇರ ಹೋಗಿ ಹಗ್ಗದ ಮೇಲೆ ಒಣಗುತ್ತಿದ್ದ ಅಜ್ಜನ ಲುಂಗಿಯನ್ನು ಎಳೆದಳು. ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರು ಉಡುವ ಲುಂಗಿ ಗೊತ್ತಲ್ಲ, ಎರಡು ಅಂಚು ಸೇರಿಸಿ ಹೊಲಿದದ್ದು, ಕೊಳವೆಯ ಹಾಗೆ. ಅದರ ಒಂದು ತುದಿಗೆ ಗಂಟು ಹಾಕಿದಳು. ಇನ್ನೊಂದು ತುದಿಯಿಂದ ಒಳಗೆ ಇಳಿದು, ಗಲ್ಲದವರೆಗೆ ಎಳೆದುಕೊಂಡು, ಸಿಮೆಂಟಿನ ನೆಲದ ಮೇಲೆ ಮಲಗಿಬಿಟ್ಟಳು.

"ನಾನು ದಿನಾ ಹೀಗೇ ಮಲಗುವುದು, ಸಾರ್."

ಅವಳು ಎದ್ದ ಮೇಲೆ ಲುಂಗಿಯನ್ನು ಮಡಚಿ ಕೈಯಲ್ಲಿ ಹಿಡಿದು ನೋಡಿದೆ. ಭಾರವೇ ಇಲ್ಲ. ಸೊಳ್ಳೆಗೂ ಆಯಿತು, ಇಬ್ಬನಿಗೂ ಆಯಿತು. ಕೆಳಗೆ ಹಾಸಲು ಚಾಪೆ ಶೆಟ್ರ ಮನೆಯಲ್ಲಿ ಬೇಕಾದಷ್ಟಿತ್ತು. ಆರು ತಿಂಗಳು ಊರೆಲ್ಲ ಹುಡುಕಿದ ವಸ್ತು ಇಲ್ಲಿ ಹಗ್ಗದ ಮೇಲೆ ನೇತಾಡುತ್ತಿತ್ತು.

"ಹಾಜಿಯವರೇ, ಇದೇ."

"ಅದು ನಾನು ಸಂಜೆ ಉಡಬೇಕು, ಮಾಸ್ಟ್ರೇ!"

೫. ಲುಂಗಿ ಇಲ್ಲದ ಅಪ್ಪಂದಿರು

ಪ್ರತಿ ಮಗುವೂ ಅಪ್ಪನದ್ದೋ ಅಜ್ಜನದ್ದೋ ಒಂದು ಲುಂಗಿ ತರಬೇಕೆಂದು ಹೇಳಿದೆ. ಹೊಲಿಯದ ಲುಂಗಿಗಳನ್ನು ಅದೇ ದರ್ಜಿಗೆ ಕೊಟ್ಟೆ.

"ಈ ಸಲ ತಲೆಗೆ ಜಾಗ ಬಿಡು" ಎಂದೆ.

"ಬಿಡ್ತೇನೆ. ಕಾಲಿಗೆ ಬೇಡ ಅಲ್ಲವಾ? ಮೊದಲೇ ಹೇಳಿ."

ದೊಡ್ಡ ಟೀಚರ್ ಹಾಕಿದ ಷರತ್ತನ್ನು ಮಕ್ಕಳಿಗೂ ಹೇಳಿದೆ. ಮಕ್ಕಳು ನಡೆದರು. ಇಬ್ಬರು ಟೀಚರಮ್ಮಂದಿರೂ ಜೊತೆಗೆ ಬಂದರು. ಕಂಕನಾಡಿಯಲ್ಲಿ ಯಾರೂ ಅಳಲಿಲ್ಲ. ಪಡೀಲಿನಲ್ಲೂ ಇಲ್ಲ. ಶೆಟ್ರ ಮನೆಯಲ್ಲಿ ಗಂಜಿ, ಚಟ್ನಿ ಉಂಡರು. ಅಂಗಳದಲ್ಲಿ ಚಾಪೆ ಹಾಸಿ, ಗಂಟು ಹಾಕಿ, ಒಳಗಿಳಿದರು. ಸ್ವಲ್ಪ ಹೊತ್ತು ನಕ್ಷತ್ರ ಎಣಿಸುವ ಜಗಳ. ಆಮೇಲೆ ನಿದ್ದೆ.

"ನನ್ನ ಅಂಗಳದಲ್ಲಿ ಭತ್ತ ಒಣಗಿಸಿದ್ದುಂಟು, ಮೆಣಸು ಒಣಗಿಸಿದ್ದುಂಟು" ಎಂದರು ಶೆಟ್ರು. "ಮಕ್ಕಳನ್ನು ಇದೇ ಮೊದಲು."

ನನಗೆ ಲುಂಗಿ ಇರಲಿಲ್ಲ. ಹಾಜಿಯವರು ದುಬೈಯ ಚೀಲವನ್ನು ನನಗೇ ಕಟ್ಟಿಕಳಿಸಿದ್ದರು. ಬೆಳಗಿನ ಜಾವ ಸ್ವಲ್ಪ ಚಳಿ ಹಿಡಿಯಿತು. ಒಳಗೆ ಸೇರಿ ಜಿಪ್ ಎಳೆದೆ.

ಬೆಳಕಾದಾಗ ಗೇಟಿನ ಹತ್ತಿರ ಮಾತು ಕೇಳಿತು. ಮಕ್ಕಳು ಹೇಗಿದ್ದಾರೆಂದು ನೋಡಲು ಅಪ್ಪಂದಿರು ಬಂದಿದ್ದರು. ನಾಲ್ಕೈದು ಜನ. ಎಲ್ಲರೂ ಇಸ್ತ್ರಿ ಮಾಡಿದ ಪ್ಯಾಂಟು, ಶರ್ಟು. ಅವರ ಹಿಂದೆ ದೊಡ್ಡ ಟೀಚರ್.

"ನೋಡಿ, ಇದು ಶಿಸ್ತು" ಎಂದರು ದೊಡ್ಡ ಟೀಚರ್. "ಶಾಲೆಯ ಕಾರ್ಯಕ್ರಮ ಅಂತ ಇಷ್ಟು ಬೆಳಿಗ್ಗೆಯೇ ಪ್ಯಾಂಟು ಹಾಕಿ ಬಂದಿದ್ದೀರಲ್ಲ."

"ಬೇರೆ ಎಂತ ಹಾಕುವುದು, ಟೀಚರ್?" ಎಂದ ಒಬ್ಬ. "ಮನೆಯಲ್ಲಿದ್ದ ಲುಂಗಿಯಲ್ಲಿ ಮಗ ಮಲಗಿದ್ದಾನೆ."

ಎದುರು ಹೋಗಿ ನಮಸ್ಕಾರ ಹೇಳಬೇಕಿತ್ತು. ಜಿಪ್ ಎಳೆದೆ. ಬರಲಿಲ್ಲ. ಬಟ್ಟೆ ಕಚ್ಚಿಕೊಂಡಿತ್ತು. ಕೈ ಎರಡೂ ಒಳಗೆ. ಮಲಗಿಯೇ ಇದ್ದರೆ ಅಗೌರವ. ಹೇಗೋ ಎದ್ದು ನಿಂತೆ. ನಡೆಯಲು ಆಗುವುದಿಲ್ಲವೆಂದು ಆಮೇಲೆ ತಿಳಿಯಿತು. ಹಾರಿದೆ. ಒಂದು ಹಾರಿದೆ, ಇನ್ನೊಂದು ಹಾರಿದೆ. ಮಕ್ಕಳು ಎದ್ದು ನೋಡಿದರು. ಇದು ಹೊಸ ಡ್ರಿಲ್ ಎಂದು ತಿಳಿದರು. ಇಪ್ಪತ್ತೆರಡು ಲುಂಗಿಗಳು ಎದ್ದು ನಿಂತು ನನ್ನ ಹಿಂದೆ ಹಾರಲು ಶುರು ಮಾಡಿದವು. ಸಾಲು ತಪ್ಪಲಿಲ್ಲ. ಅದು ನಾನು ಕಲಿಸಿದ್ದು.

ದೊಡ್ಡ ಟೀಚರ್ ಮುಂದೆ ಬಂದು, "ನಮಸ್ಕಾರ, ಟೀಚರ್" ಎಂದೆ. ಎಂದವನೇ ಪಕ್ಕದ ಬೈಹುಲ್ಲಿನ ಮೇಲೆ ಉದ್ದಕ್ಕೆ ಬಿದ್ದೆ.

ಆಮೇಲೆ ಒಂದು ವಿಚಿತ್ರ ಶಬ್ದ ಬಂತು. ದೊಡ್ಡ ಟೀಚರ್ ನಗುತ್ತಿದ್ದರು. ಶೆಟ್ರ ಜಗಲಿಯ ಕಂಬ ಹಿಡಿದುಕೊಂಡು ನಕ್ಕರು. ಕನ್ನಡಕ ತೆಗೆದು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಮತ್ತೆ ನಕ್ಕರು. ಕಣ್ಣೀರು ಕೆನ್ನೆಗೆ ಇಳಿಯಿತು.

ಹಾಜಿಯವರ ಮೊಮ್ಮಗಳು ಲುಂಗಿಯನ್ನು ಕತ್ತಿನವರೆಗೆ ಎಳೆದುಕೊಂಡು ಅವರ ಹತ್ತಿರ ಹಾರಿದಳು. ಮುಖ ನೋಡಿದಳು. ಅವಳ ಮುಖ ಸಣ್ಣದಾಯಿತು.

"ಸಾರ್! ದೊಡ್ಡ ಟೀಚರ್ ಅಳ್ತಿದ್ದಾರೆ! ಒಬ್ಬರು ಅತ್ತರೂ ಇನ್ನು ಹೈಕ್ ಇಲ್ಲ ಅಲ್ಲವಾ?"

ನಗು ನಿಂತಿತು. ಎಲ್ಲ ಮಕ್ಕಳೂ ದೊಡ್ಡ ಟೀಚರನ್ನೇ ನೋಡುತ್ತಿದ್ದರು. ನಾನೂ ಹುಲ್ಲಿನಿಂದಲೇ ನೋಡುತ್ತಿದ್ದೆ.

ಅವರು ಕನ್ನಡಕ ಹಾಕಿಕೊಂಡರು. ಹುಡುಗಿಯ ತಲೆ ಸವರಿದರು.

"ಇದು ಲೆಕ್ಕಕ್ಕಿಲ್ಲ, ಮಗಾ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಮಾಸ್ಟ್ರೇ, ಮುಂದಿನ ವರ್ಷ ನೀವೂ ಲುಂಗಿಯನ್ನೇ ತನ್ನಿ."

ಮುಂದಿನ ವರ್ಷ ಎಂದರಲ್ಲ, ನನಗೆ ಅಷ್ಟು ಸಾಕಿತ್ತು. ಹುಲ್ಲು ಮೆತ್ತಗಿತ್ತು. ಜಿಪ್ಪಿಗೆ ಅವಸರವಿಲ್ಲ ಎಂದು ಹಾಗೇ ಮಲಗಿದೆ.