ಸಕ್ಕರೆ ಅಚ್ಚಿನ ಮನೆತನದವನು ಸ್ಕೀ ಮಾಡಿದ್ದು

ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆಗೆ ಸ್ಕೀ ಎನ್ನುತ್ತಾರೆ. ಇಷ್ಟು ಗೊತ್ತಿದ್ದರೆ ಅದನ್ನು ಮನೆಯಲ್ಲೇ ಮಾಡಿಬಿಡಬಹುದು ಎಂದು ನಾನು ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ನಾನು ಮೈಸೂರಿನವನು. ನಮ್ಮಮ್ಮ ಪ್ರತಿ ಸಂಕ್ರಾಂತಿಗೂ ಮನೆಯಲ್ಲೇ ಸಕ್ಕರೆ ಅಚ್ಚು ಮಾಡುತ್ತಿದ್ದರು. ಮರದ ಅಚ್ಚನ್ನು ನೀರಿನಲ್ಲಿ ನೆನೆಸುವುದು, ಬಿಗಿಯಾಗಿ ಕಟ್ಟುವುದು, ಪಾಕ ಹುಯ್ಯುವುದು. ಬಿಚ್ಚಿದರೆ ಗಿಳಿ, ಆನೆ, ಗೋಪುರ! ಅಚ್ಚಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ನಾನೀಗ ನೆಲೆಸಿರುವ ಇಡೀ ಐರ್ಲೆಂಡಿನಲ್ಲಿ ಯಾರಿದ್ದಾರೆ?

ಶುರುವಾಗಿದ್ದು ಲೆಪರ್ಡ್ಸ್‌ಟೌನ್ ಎಂಬ ಬಡಾವಣೆಯಲ್ಲಿರುವ ನಮ್ಮ ಆಫೀಸಿನಲ್ಲಿ. ಪಕ್ಕದ ಸೀಟಿನ ಕಾನರ್ ಚಹಾ ಕುಡಿಯುತ್ತಾ, ಫೆಬ್ರವರಿಯಲ್ಲಿ ಟೀಮಿನವರೆಲ್ಲ ಆಸ್ಟ್ರಿಯಾಗೆ ಸ್ಕೀ ಮಾಡಲು ಹೋಗುತ್ತಿದ್ದೇವೆ, ನೀನೂ ಬಾ ಎಂದ. "ಬರುತ್ತೇನೆ" ಎಂದಿದ್ದರೆ ಮುಗಿಯುತ್ತಿತ್ತು. ನನ್ನ ನಾಲಿಗೆಗೆ ಮೂಳೆ ಇಲ್ಲ. "ಬರುತ್ತೇನೆ, ನನ್ನ ಕೈಯಾರೆ ಮಾಡಿದ ಸ್ಕೀ ಹಾಕಿಕೊಂಡು ಬರುತ್ತೇನೆ" ಎಂದುಬಿಟ್ಟೆ. ಹಿಂದಿನ ವಾರವಷ್ಟೇ ಯಾರೋ ಗಡ್ಡದವನು ಗ್ಯಾರೇಜಿನಲ್ಲಿ ಸ್ಕೀ ಮಾಡುವ ವಿಡಿಯೊ ನೋಡಿದ್ದೆ. ಅವನು ಮಾಡಿದ್ದನ್ನು ನಾನು ಮಾಡಲಾರೆನೆ? ಗಡ್ಡ ನನಗೂ ಇದೆ.

ಮನೆಗೆ ಬಂದು ಘೋಷಿಸಿದೆ. ಇಲ್ಲೇ ಹುಟ್ಟಿ ಬೆಳೆದ ಮಗಳು ಸಿರಿ ಫೋನಿನಿಂದ ತಲೆ ಎತ್ತದೆ, "ಡ್ಯಾಡ್, ಯು ಕ್ಯಾನ್ ಜಸ್ಟ್ ರೆಂಟ್ ದೆಮ್, ಲೈಕ್" ಎಂದಳು.

ಹೆಂಡತಿ ಸುಮ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ಅವಳು ನನ್ನನ್ನು ಎಕ್ಸ್‌ರೇ ನೋಡುವ ಹಾಗೆ ನೋಡಿದಳು.

"ರೀ, ಏನಾದ್ರೂ ಮಾಡ್ಕೊಳಿ. ಶನಿವಾರ ನಮ್ಮಮ್ಮ ಬರ್ತಿದಾರೆ, ಅದೊಂದು ನೆನಪಿರ್ಲಿ. ಬೆನ್ನು ಹಿಡ್ಕೊಂಡು ಅಷ್ಟು ದೂರ ಬರೋರು. ಮೇಲಿನ ರೂಮಲ್ಲಿರೋ ಹೊಸ ಮಂಚ ಅವರಿಗೇಂತ ಹುಡುಕಿ ಹುಡುಕಿ ತಂದಿದೀನಿ. ಅದನ್ನ ಮಾತ್ರ ಮುಟ್ಬೇಡಿ."

"ನಾನ್ಯಾಕೆ ಮಂಚ ಮುಟ್ಲಿ?" ಎಂದೆ. ಆ ಕ್ಷಣದಲ್ಲಿ ಅದು ಸತ್ಯವಾಗಿತ್ತು.

ಸ್ಕೀ ದೂರದಿಂದ ನೇರ ಹಲಗೆಯಂತೆ ಕಂಡರೂ ಅದರ ನಡು ತುಸು ಉಬ್ಬಿರಬೇಕು, ಮೂತಿ ಮೇಲಕ್ಕೆ ಎತ್ತಿರಬೇಕು. ತೆಳ್ಳನೆಯ ಪ್ಲೈವುಡ್ ಪಟ್ಟಿಗಳಿಗೆ ಅಂಟು ಬಳಿದು, ಒಂದರ ಮೇಲೊಂದು ಇಟ್ಟು, ಬಾಗಿದ ಅಚ್ಚಿನ ಮೇಲೆ ಬಿಗಿದು ಕಟ್ಟಿದರೆ ಒಣಗಿದ ಮೇಲೆ ಅದೇ ಆಕಾರ ನಿಲ್ಲುತ್ತದೆ. ಹಾಗಾಗಿ ಅಚ್ಚು ಯಾವುದರಲ್ಲಿರಬೇಕು ಎಂಬುದೇ ಮುಖ್ಯ ಪ್ರಶ್ನೆ.

ಗಡ್ಡದವನು ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಬಳಸಿದ್ದ. ನಾನೂ ತಂದು, ಬಾಗಿದ ಆಕಾರಕ್ಕೆ ಕೊಯ್ದು, ಹಿತ್ತಲಿನ ಶೆಡ್ಡಿನಲ್ಲಿಟ್ಟೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಪ್ಯಾಟ್ ಗೋಡೆಯಾಚೆಯಿಂದ ಇಣುಕಿ, "ದ್ಯಾಟ್ಲ್ ಬಿ ಗ್ರ್ಯಾಂಡ್" ಎಂದರು. ತಜ್ಞರ ಒಪ್ಪಿಗೆ ಸಿಕ್ಕಿತೆಂದು ಹಿಗ್ಗಿದೆ. ಆದರೆ ಆ ಗಡ್ಡದವನ ಊರಿನಲ್ಲಿ ಬಿಸಿಲಿತ್ತು. ನಮ್ಮ ಶೆಡ್ಡಿನಲ್ಲಿ ಹಗ್ಗದ ಮೇಲೆ ಹಾಕಿದ ಒಣ ಬಟ್ಟೆಯೂ ಒದ್ದೆಯಾಗುತ್ತದೆ. ಎರಡು ದಿನ ಬಿಟ್ಟು ನೋಡಿದರೆ ನನ್ನ ಎಂಡಿಎಫ್ ಪೂರಿಯ ಹಾಗೆ ಊದಿಕೊಂಡಿತ್ತು!

ಮುಂದೆ ಥರ್ಮೋಕೋಲ್. ಟಿವಿ ಬಂದ ಡಬ್ಬದಲ್ಲಿದ್ದದ್ದನ್ನು ಜೋಪಾನವಾಗಿ ಕತ್ತರಿಸಿ, ಪ್ಯಾಟ್ ಅವರಿಗೆ ತೋರಿಸಿದೆ. "ಗ್ರ್ಯಾಂಡ್" ಎಂದರು. ಮೇಲೆ ಪ್ಲೈವುಡ್ ಇಟ್ಟು, ಭಾರಕ್ಕೆಂದು ಸೋನಾ ಮಸೂರಿ ಮೂಟೆ ಹೇರಿದೆ. ಕರಕ್ ಎಂದಿತು. ಹಿತ್ತಲೆಲ್ಲ ಬಿಳಿ ಉಂಡೆಗಳು ಹಾರಾಡಿದವು. ಆಸ್ಟ್ರಿಯಾಕ್ಕೆ ಹೋಗುವ ಮೊದಲೇ ನಾನು ಹಿಮ ಕಂಡೆ.

ಸಿಮೆಂಟಿನಲ್ಲಿ ಎರಕ ಹುಯ್ದರೆ ಹೇಗೆ ಎಂದು ಸುಮಳನ್ನು ಕೇಳಿದೆ. "ಬಾಡಿಗೆ ಮನೆ ರೀ ಇದು" ಎಂದಳು. ಅಷ್ಟರ ಮೇಲೆ ಆ ಬಗ್ಗೆ ಚರ್ಚೆಯಾಗಲಿಲ್ಲ. ಸಿಮೆಂಟು ಹಾಕಿದರೂ ಗ್ರ್ಯಾಂಡೇ ಎಂದು ಪ್ಯಾಟ್ ಹೇಳಿದ್ದರು. ಛಾವಣಿ ಹಾರಿಹೋದರೂ ಇಲ್ಲಿನವರು 'ಪರವಾಗಿಲ್ಲ' ಎಂಬರ್ಥದಲ್ಲಿ ಗ್ರ್ಯಾಂಡ್ ಎನ್ನುತ್ತಾರೆಂದು ನನಗೆ ಹೊಳೆದದ್ದು ಆಗಲೇ.

ಗುರುವಾರ ಸಂಜೆ ಸುಮ ಡ್ಯೂಟಿಯಲ್ಲಿದ್ದಳು. ಅತ್ತೆಯ ಮಂಚಕ್ಕೆ ಹೊಸ ಹೊದಿಕೆ ಹಾಸಿಡಲು ನನಗೆ ಹೇಳಿಹೋಗಿದ್ದಳು. ಹಾಸಿಗೆ ಎತ್ತಿದೆ. ಅಯ್ಯೋ ದೇವರೇ! ಹಾಸಿಗೆಯ ಕೆಳಗೆ, ಮಂಚದ ಈ ಅಂಚಿನಿಂದ ಆ ಅಂಚಿಗೆ ಸಾಲಾಗಿ ಮರದ ಅಡ್ಡಪಟ್ಟಿಗಳು. ಒಂದೊಂದರ ನಡುವೂ ಅಂದವಾಗಿ ಮೇಲಕ್ಕೆ ಉಬ್ಬಿತ್ತು! ಕಾರ್ಖಾನೆಯವರೇ ಬಗ್ಗಿಸಿಕೊಟ್ಟ ಅಚ್ಚು ನಮ್ಮ ಮನೆಯಲ್ಲೇ ಮಲಗಿತ್ತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ.

ಒಂದೊಂದು ಸ್ಕೀಗೆ ಎರಡರಂತೆ ನಾಲ್ಕೇ ನಾಲ್ಕು ಪಟ್ಟಿ ಕಳಚಿಕೊಂಡೆ. ಶನಿವಾರ ಬೆಳಗ್ಗೆ ಬಿಚ್ಚಿ ವಾಪಸು ಹಾಕಿದರೆ ಯಾರಿಗೆ ಗೊತ್ತಾಗುತ್ತದೆ?

ಇನ್ನು ಸ್ಕೀ ಅಚ್ಚಿಗೆ ಅಂಟಿಕೊಳ್ಳಬಾರದಲ್ಲ. ಅದಕ್ಕೆ ನನ್ನ ಬಳಿ ಮನೆತನದ ವಿದ್ಯೆಯಿತ್ತು. ಸಕ್ಕರೆ ಪಾಕ ಮರಕ್ಕೆ ಅಂಟದಿರಲು ಅಮ್ಮ ಏನು ಮಾಡುತ್ತಿದ್ದರು? ಅಚ್ಚನ್ನು ನೀರಿನಲ್ಲಿ ನೆನೆಸುತ್ತಿದ್ದರು. ನಾನು ಪಟ್ಟಿಗಳನ್ನು ಸ್ನಾನದ ತೊಟ್ಟಿಯಲ್ಲಿ ಚೆನ್ನಾಗಿ ನೆನೆಹಾಕಿದೆ. ಆಮೇಲೆ ಪ್ಲೈವುಡ್ಡಿಗೆ ಅಂಟನ್ನು ಧಾರಾಳವಾಗಿ ಬಳಿದು ಒದ್ದೆ ಪಟ್ಟಿಗಳ ಮೇಲೆ ಕೂರಿಸಿದೆ. ಮೂತಿ ಮೇಲೇಳಲು ಎರಡೂ ಸ್ಕೀಗಳ ತುದಿಯಡಿ ಅಡ್ಡಲಾಗಿ ಲಟ್ಟಣಿಗೆ ಸಿಕ್ಕಿಸಿದೆ. ಊರಿಗೆ ಹೋಗುವಾಗ ಸೂಟ್‌ಕೇಸಿಗೆ ಸುತ್ತುವ ನೈಲಾನ್ ಹಗ್ಗದಿಂದ ಎಲ್ಲವನ್ನೂ ಸೇರಿಸಿ ಕಟ್ಟಿದೆ. ಒಣಗಲು ಬೆಚ್ಚಗಿನ ಜಾಗ ಬೇಕಿತ್ತು. ಇಲ್ಲಿನ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕ್ ಇರುವ ಕಪಾಟಿಗೆ ಹಾಟ್ ಪ್ರೆಸ್ ಎನ್ನುತ್ತಾರೆ. ಐರಿಷರು ಅದರಲ್ಲಿ ಟವೆಲ್ ಇಡುತ್ತಾರೆ, ನಾವು ದೋಸೆ ಹಿಟ್ಟು ಹುದುಗಲು ಇಡುತ್ತೇವೆ. ಅದರ ಒಂದು ಮೂಲೆಯಲ್ಲಿ ಕಟ್ಟನ್ನು ನಿಲ್ಲಿಸಿ ಬಾಗಿಲು ಹಾಕಿದೆ. ಶುಕ್ರವಾರ ರಾತ್ರಿ ಸುಮ ತನ್ನ ಅಮ್ಮನಿಗೆಂದು ರುಬ್ಬಿದ ದೋಸೆ ಹಿಟ್ಟಿನ ಪಾತ್ರೆಯನ್ನು ನಾನೇ ಮುಂದೆ ಬಿದ್ದು ಇಸಿದುಕೊಂಡು, ಸೌಜನ್ಯದಿಂದ ಒಳಗಿಟ್ಟೆ. ಕತ್ತಲಲ್ಲೇ ಇಟ್ಟೆ.

ಶನಿವಾರ ಬೆಳಗ್ಗೆ ಎಬ್ಬಿಸಿದ್ದು ಅಲಾರಂ ಅಲ್ಲ.

"ರೀ!"

ಓಡಿದೆ. ಹಾಟ್ ಪ್ರೆಸ್ಸಿನ ಬಾಗಿಲು ತೆರೆದು ಸುಮ ನಿಂತಿದ್ದಳು. ಒಳಗೆ ದೋಸೆ ಹಿಟ್ಟು ಉಕ್ಕಿತ್ತು. ಅಂಟೂ ಉಕ್ಕಿತ್ತು! ನೊರೆನೊರೆಯಾಗಿ ಉಬ್ಬಿ, ಹಗ್ಗ ನುಂಗಿ, ಲಟ್ಟಣಿಗೆ ನುಂಗಿ, ಪಾತ್ರೆಯ ಮುಚ್ಚಳವನ್ನೂ ಹಿಡಿದುಕೊಂಡು ಕಲ್ಲಾಗಿತ್ತು. ಎರಡು ಸ್ಕೀ ಮತ್ತು ನಾಲ್ಕು ಪಟ್ಟಿ ಸೇರಿ ಒಂದೇ ಹಲಗೆಯಾಗಿತ್ತು.

"ಇದು ಅಮ್ಮನ ಮಂಚದ್ದಲ್ವಾ?" ಸುಮಳ ದನಿ ಬಹಳ ಮೆತ್ತಗಿತ್ತು. ಕೂಗಿದ್ದರೆ ಧೈರ್ಯವಾಗಿರುತ್ತಿತ್ತು.

"ನೀರಲ್ಲಿ ನೆನೆಸಿದ್ದೆ ಕಣೇ. ಬಿಟ್ಕೋಬೇಕು."

ಸಿರಿ ಅಂಟಿನ ಬಾಟಲಿ ಹುಡುಕಿ ತಂದು ಓದಿದಳು. "ಡ್ಯಾಡ್, ಇಟ್ ಸೇಸ್ ವೆಟ್ ದ ವುಡ್ ಫಸ್ಟ್, ಫಾರ್ ಅ ಸ್ಟ್ರಾಂಗರ್ ಬಾಂಡ್."

ಸಕ್ಕರೆಗೆ ಶತ್ರುವಾದ ನೀರು ಈ ಅಂಟಿಗೆ ಆಹಾರವಂತೆ! ನಾನು ಬಿಡಿಸಲು ನೆನೆಸಿರಲಿಲ್ಲ, ಉಣ್ಣಿಸಿ ಬೆಳೆಸಿದ್ದೆ.

ಉಳಿ ಹಾಕಿ ಮೀಟಿದೆ, ಸುತ್ತಿಗೆಯಿಂದ ಬಡಿದೆ. ಉಳಿಯ ಹಿಡಿ ಕಿತ್ತುಬಂತು, ಮುಚ್ಚಳ ಬಿಟ್ಟುಕೊಂಡಿತು, ಹಲಗೆ ಅಲುಗಲಿಲ್ಲ. ಸುಮ ಗಡಿಯಾರ ನೋಡಿ ಕಾರಿನ ಕೀಲಿ ತೆಗೆದುಕೊಂಡಳು. "ವಿಮಾನ ಇಳಿಯೋ ಹೊತ್ತಾಯ್ತು. ನಾವು ಬರೋದ್ರೊಳಗೆ ಅಲ್ಲೊಂದು ಮಂಚ ಇರ್ಬೇಕು. ಅಮ್ಮನ ಬೆನ್ನಿಗೇನಾದ್ರೂ ಆದ್ರೆ, ಆ ಸ್ಕೀ ಹಾಕ್ಕೊಂಡೇ ಮೈಸೂರಿಗೆ ಹೋಗಿ ನೀವು."

ನನಗೆ ನಿಜಕ್ಕೂ ಹೆದರಿಕೆಯಾಯಿತು. ಮಗಳನ್ನು ನೋಡಬೇಕೆಂಬ ಒಂದೇ ಆಸೆಯಿಂದ ಬೆನ್ನುನೋವು ಕಟ್ಟಿಕೊಂಡು ಬರುತ್ತಿರುವ ಹಿರಿಯ ಜೀವ. ಅವರು ಮಲಗುವ ಜಾಗದಲ್ಲಿ ನಾನು ಹಳ್ಳ ತೋಡಿದ್ದೆ. ಬೇರೆ ಪಟ್ಟಿ ತರಲು ಹೊತ್ತಿಲ್ಲ. ಕೊನೆಗೆ ಆ ಇಡೀ ಹಲಗೆಯನ್ನೇ, ಲಟ್ಟಣಿಗೆ ಸಮೇತ, ಎತ್ತಿಕೊಂಡು ಹೋಗಿ ಮಂಚದ ಚೌಕಟ್ಟಿನಲ್ಲಿ ಕೂರಿಸಿದೆ. ಮೇಲೆ ಹಾಸಿಗೆ, ಅದರ ಮೇಲೆ ಹೊಸ ಹೊದಿಕೆ. ಲಟ್ಟಣಿಗೆ ಇದ್ದ, ಗೋಡೆಯಿಲ್ಲದ ಕಡೆಯ ಅಂಚು ಸ್ವಲ್ಪ ಎದ್ದು ನಿಂತಿತು. ಗ್ರ್ಯಾಂಡ್ ಎಂದು ನನಗೆ ನಾನೇ ಹೇಳಿಕೊಂಡೆ.

ಅತ್ತೆ ಬಂದರು, ಮಧ್ಯಾಹ್ನ ಊಟ ಮಾಡಿದರು, ಮೇಲೆ ಹೋಗಿ ಮಲಗಿದರು. ನಾನೂ ಸುಮಳೂ ಮೆಟ್ಟಿಲ ಕೆಳಗೆ ಕಿವಿಗೊಟ್ಟು ನಿಂತೆವು. ಸದ್ದಿಲ್ಲ. ಸಂಜೆ ಅವರು ಇಳಿದು ಬಂದು ನನ್ನ ಮುಂದೆ ನಿಂತರು.

"ಅಳಿಯಂದ್ರೇ, ಆ ಮಂಚ ಯಾರು ಮಾಡಿದ್ದು?"

"ನಾನೇ... ಸ್ವಲ್ಪ..."

"ಅಂದ್ಕೊಂಡೆ! ಅಂಗಡಿ ಮಂಚ ಹೀಗಿರಲ್ಲ. ನಡುವಿಗೆ ಗಟ್ಟಿಯಾಗಿ ಹಲಗೆ ಕೊಟ್ಟಿದೀರ, ಉರುಳಿ ಬೀಳ್ದಂಗೆ ಪಕ್ಕದಲ್ಲಿ ಕಟ್ಟೆ ಬೇರೆ. ಇಂಥ ನಿದ್ದೆ ಬಂದು ಎಷ್ಟು ಕಾಲ ಆಗಿತ್ತಪ್ಪಾ! ಸುಮಾ, ಡಾಕ್ಟ್ರಾಗಿ ನಿಂಗೆ ಹೊಳೀಲಿಲ್ಲ ನೋಡು."

ಆ ಡಾಕ್ಟರು ನನ್ನನ್ನು ನೋಡಿದ ನೋಟವನ್ನು ಬರೆಯುವ ಶಕ್ತಿ ನನಗಿಲ್ಲ. ಒಳಗೆ ಹೋಗಿ ಚಪಾತಿ ಹಿಟ್ಟನ್ನು ಗಾಜಿನ ಬಾಟಲಿಯಿಂದ ಲಟ್ಟಿಸತೊಡಗಿದಳು. ಇಂದಿಗೂ ಬಾಟಲಿಯಲ್ಲೇ ಲಟ್ಟಿಸುತ್ತಾಳೆ. ಲಟ್ಟಣಿಗೆ ಎಲ್ಲಿ ಎಂದು ಅತ್ತೆ ಕೇಳಿದಾಗಲೆಲ್ಲ, "ನಿಮ್ಮ ಅಳಿಯಂದ್ರನ್ನೇ ಕೇಳಿ" ಎನ್ನುತ್ತಾಳೆ.

ಫೆಬ್ರವರಿ ಬಂತು. ನಾನು ಆಸ್ಟ್ರಿಯಾಕ್ಕೆ ಹೋಗಲಿಲ್ಲ. ಸ್ವಂತ ಸ್ಕೀ ಎಂದು ಊರಿಗೆಲ್ಲ ಸಾರಿದವನು ಬಾಡಿಗೆ ಸ್ಕೀ ಮೇಲೆ ಹೇಗೆ ನಿಲ್ಲಲಿ? ಹಿಮದ ನಡುವೆ ಹಲ್ಲು ಕಿರಿದು ನಿಂತ ಫೋಟೊ ಕಳಿಸಿ ಕಾನರ್ ಕೇಳಿದ, ನಿನ್ನ ಸ್ಕೀ ಏನಾಯಿತು? "ಬಳಕೆಯಲ್ಲಿದೆ" ಎಂದು ಬರೆದೆ. ಸುಳ್ಳಲ್ಲ. ಬೆನ್ನಿಗೆ ಹಿತವಾಗಿದೆ ಎಂದು ಅತ್ತೆ ವೀಸಾ ಇರುವ ತನಕ ಇಲ್ಲೇ ಉಳಿಯಲು ನಿರ್ಧರಿಸಿದ್ದಾರೆ. ಇಂಥದ್ದೇ ಇನ್ನೊಂದನ್ನು ಅವರ ಅಕ್ಕನಿಗೂ ಮಾಡಿಕೊಡಬೇಕಂತೆ.

ನನ್ನ ಸ್ಕೀಗಳ ಮೇಲೆ ಇದುವರೆಗೆ ಜಾರಿರುವುದು ಅತ್ತೆಯ ದಿಂಬು ಮಾತ್ರ. ಅದನ್ನೂ ದಿನಾ ಬೆಳಗ್ಗೆ ನಾನೇ ಎತ್ತಿಡುತ್ತೇನೆ.